ಹಗೇವಿನ ಬಾಯಿ

ಹಗೇವು ಎಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ ಎಂದಷ್ಟೇ ಕೊರಟಗೆರೆಯ ಶಾಲೆಯಲ್ಲಿ ಕಲಿತಿದ್ದೆ. ಎಪ್ಪತ್ತರ ದಶಕದಲ್ಲಿ ಗೌಡಗೆರೆ ಕಡೆಗೆ ನನ್ನನ್ನು ಕೊಡುವಾಗ ಅಪ್ಪ, ‘ಎರಡು ಹಗೇವಿನ ಮನೆ ಕಣಮ್ಮ’ ಎಂದು ಬೀಗಿದರು. ಹೊಟ್ಟೆಗೆ ಕೊರತೆಯಿಲ್ಲ ಎನ್ನುವುದು ಅವರ ಅರ್ಥ. ಇನ್ನೊಂದು ಅರ್ಥವನ್ನು ಯಾರೂ ಹೇಳಲಿಲ್ಲ.

ಮದುವೆಯಾದ ವರ್ಷ, ರಾಗಿ ತೆಗೆಯಲೆಂದು ಹಗೇವಿನ ಬಾಯಿಯ ಚಪ್ಪಡಿ ಸರಿಸಿ ಲಾಟೀನು ಇಳಿಬಿಟ್ಟಾಗ ದೀಪ ಎರಡು ಸಲ ಆರಿತು. ಒಳಗೆ ಗಾಳಿ ಕೆಟ್ಟಿದೆ ಎಂದು ಮಧ್ಯಾಹ್ನದವರೆಗೆ ಕಾದೆವು. ಮೂರನೇ ಸಲ ಉರಿಯಿತು. ನನ್ನ ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಇಳಿದವರು ಮೇಲಿನವರ ಪ್ರತಿ ಕೂಗಿಗೂ ‘ಓ’ ಅನ್ನಬೇಕು. ಅತ್ತೆ ‘ಲೇ ಮಗಾ’ ಎಂದರು; ‘ಓ’ ಬಂತು. ಮತ್ತೆ ಕೂಗಿದರು, ಬರಲಿಲ್ಲ. ನಾನು ಅತ್ತೆಯನ್ನು ತಳ್ಳಿ, ಬಗ್ಗಿ, ಗಂಡನ ಹೆಸರು ಹಿಡಿದು ಕಿರುಚಿದೆ.

ಮೇಲೆ ಹಗ್ಗ ಹಿಡಿದಿದ್ದ ಆಳುಗಳು ಎಳೆದು ಅವರನ್ನು ಮೇಲೆತ್ತಿದರು, ಉಸಿರಿತ್ತು. ಮಗನ ಮುಖಕ್ಕೆ ನೀರು ಚಿಮುಕಿಸುತ್ತಲೇ ಅತ್ತೆ, ‘ಗಂಡನ ಹೆಸ್ರು ಕೂಗ್ಬುಟ್ಟಲ್ಲೇ, ಅವನ ಆಯಸ್ಸು ಕಮ್ಮಿ ಆಗ್ತೈತೆ ಕಣೇ’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಹಗೇವಿಗೆ ಎಂದೋ ಮಣ್ಣು ತುಂಬಿದೆವು. ಈಗಲೂ ‘ಏನೂಂದ್ರೆ’ ಎಂದಾಗ ಒಳಕೋಣೆಯಿಂದ ಅವರ ‘ಓ’ ತಡವಾದರೆ ಬಾಗಿಲಿಗೆ ಓಡುತ್ತೇನೆ. ಹೆಸರು ಮಾತ್ರ ಕೂಗುವುದಿಲ್ಲ.