ಸಾಹೇಬರು ಕಂಡ ನೀರು

ನಮ್ಮ ಗದ್ದೆಗೆ ನೀರು ತಪ್ಪಿಸಿದ್ದು ಕರೆಂಟಿನ ಕಂಪನಿ. ಆದರೆ ಹೊಳೆಯಲ್ಲಿ ನೀರೈತೆ ಅಂತ ಸಾಹೇಬರ ಕೈಲಿ ಬರೆಸಿದ್ದು ನಾವೇ. ಅದರಲ್ಲೂ ನಾನು.

ಮೇಲೆ ಹೊಳೆಗೆ ಅಡ್ಡ ಕಟ್ಟೆ ಹಾಕಿ, ನೀರನ್ನ ದಪ್ಪ ಪೈಪಿಗೆ ತುಂಬಿ, ಗುಡ್ಡದ ಬುಡದಲ್ಲಿ ಮಿಷನ್ನು ತಿರುಗಿಸಿ ಮತ್ತೆ ಹೊಳೆಗೇ ಬಿಡ್ತಾರೆ. ಒಂದು ಹನೀನೂ ಕಮ್ಮಿಯಾಗಲ್ಲ ಅಂತಾರೆ. ಆಗಲ್ಲ, ಸರಿ. ಆದರೆ ತೆಗೆದ ಜಾಗಕ್ಕೂ ಬಿಟ್ಟ ಜಾಗಕ್ಕೂ ನಡುವೆ ನಾವಿದ್ದೀವಿ. ಮಳೆಗಾಲದಲ್ಲಿ ಕಟ್ಟೆ ಮೇಲೆ ಹರಿದು ನಮಗೂ ಬರುತ್ತೆ. ಮಳೆ ನಿಂತು ಭತ್ತ ಹಾಲುಗಟ್ಟೋ ಹೊತ್ತಿಗೆ ಹೊಳೆಯಲ್ಲಿ ಬರೀ ಬಂಡೆ.

ನಾನು ಮದುವೆಯಾಗಿ ಬಂದಾಗಿನಿಂದ ಮಳೆ ನಿಂತ ಮೇಲೆ ಮನೆಗೊಂದಾಳು ಸೇರಿ ಹೊಳೆಗೆ ಒಡ್ಡು ಕಟ್ಟೋದು ವಾಡಿಕೆ. ಕಲ್ಲು, ಸೊಪ್ಪು, ಜೇಡಿಮಣ್ಣು. ನೀರು ಏರಿ ಕಾಲುವೆ ಬಾಯಿಗೆ ಬಂದರೆ ಗದ್ದೆಗೆ ಹೋಗುತ್ತೆ. ಹೋದ ವರ್ಷ ಯಾರೂ ಕಟ್ಟಲಿಲ್ಲ. ಇಲ್ಲದ ನೀರಿಗೆ ಯಾತರ ಒಡ್ಡು?

ಈ ಸಲ ಅರ್ಜಿ ಕೊಟ್ಟೂ ಕೊಟ್ಟೂ ಸಕಲೇಶಪುರದ ತಾಲ್ಲೂಕು ಕಚೇರಿಯಿಂದ ಸಾಹೇಬರು ನೋಡೋಕೆ ಬರೋದು ಅಂತಾಯ್ತು. ನೀರಿಲ್ಲ ಅಂತ ಅವರು ಬರೆದರೆ ಕಂಪನಿ ಸ್ವಲ್ಪ ನೀರು ಬಿಡಬೇಕು, ನನ್ನ ಭತ್ತ ಉಳಿಯಬೇಕು. ನಾನೇ ದೊಡ್ಡ ಬುದ್ಧಿವಂತೆ ಥರ ಹೇಳಿದೆ, "ಒಡ್ಡು ಕಟ್ರೋ. ಇಲ್ದಿದ್ರೆ ಇಲ್ಲಿ ನೀರು ಯಾವತ್ತು ಹಾಯಿಸ್ತಿದ್ರಿ ಅಂತ ಕೇಳ್ತಾರೆ."

ಕಟ್ಟಿದೆವು. ಸಾಹೇಬರು ಬರೋದು ನಾಲ್ಕು ದಿನ ತಡವಾಯ್ತು. ಅಷ್ಟರಲ್ಲಿ ಬಂಡೆ ಸಂದಿಯ ಒರತೆ ನೀರೆಲ್ಲ ಬಂದು ಒಡ್ಡಿನ ಹಿಂದೆ ಕೂತಿತ್ತು. ಕಾಲುವೆ ಬಾಯಿಗಿಂತ ಒಂದು ಮೊಳ ಕೆಳಗೆ. ಗದ್ದೆಗೆ ಹತ್ತಲ್ಲ, ನೋಡೋರ ಕಣ್ಣಿಗೆ ಮಾತ್ರ ತುಂಬಿದ ಹೊಳೆ.

"ಏನಜ್ಜಿ, ಇಷ್ಟೊಂದು ನೀರಿದೆಯಲ್ಲ?"

"ಅದು ನಿಂತಿರೋದು ಸ್ವಾಮಿ, ಹರಿಯೋದಲ್ಲ. ಒಡ್ಡು ದಾಟಿ ನಾಕು ಹೆಜ್ಜೆ ಕೆಳಗೆ ಬನ್ನಿ. ನಿಮ್ಮ ಬೂಟು ಒದ್ದೆಯಾದ್ರೆ ನನ್ನ ಕೇಳಿ."

ಜಾರುತ್ತೆ ಅಂದರು, ಬರಲಿಲ್ಲ. ಫೋಟೋ ತೆಗೆದು, ನೀರು ಕಂಡುಬಂದಿದೆ ಅಂತ ಬರೆದುಕೊಂಡು ಜೀಪು ಹತ್ತಿದರು.

ನನ್ನ ಮೈದುನನಿಗೆ ನಗು. "ಒಡ್ಡು ಬಾಳ ಚೆನ್ನಾಗಿ ಕಟ್ಸಿದ್ರಿ ಅತ್ತಿಗೆ. ಒಂದು ತೊಟ್ಟೂ ಸೋರ್ತಿಲ್ಲ."

"ಸೋರೋದು ನಿನ್ನ ಬಾಯಿ ಒಂದೇ ಕಣೋ, ಮುಚ್ಕೊಂಡಿರು."

ಸಂಜೆ ಗದ್ದೆಗಿಳಿದು ಒಂದು ತೆನೆ ಹಿಸುಕಿದೆ. ಕಾಳಲ್ಲಿ ಹಾಲು ಇನ್ನೂ ಇತ್ತು, ಆದರೆ ಮಣ್ಣು ಬಿರುಕು ಬಿಡ್ತಿತ್ತು. ಒಂದು ವಾರದೊಳಗೆ ನೀರು ಬಂದರೆ ಭತ್ತ, ಇಲ್ಲದಿದ್ದರೆ ಜೊಳ್ಳು.

ಮಾರನೆ ದಿನ ಬೆಳಿಗ್ಗೆ ಕಾಫಿ ಕುಡಿದು ಹಾರೆ ತಗೊಂಡು ಹೋಗಿ ಒಡ್ಡಿನ ನಡುವಿನ ಕಲ್ಲು ಮೀಟಿದೆ. ನೀರೆಲ್ಲ ಇಳಿದು ಬಂಡೆ ಕಂಡಮೇಲೆ ಮೈದುನನ ಫೋನಲ್ಲಿ ಫೋಟೋ ತೆಗೆಸಿ, ಆ ಫೋನು ಕಿತ್ತುಕೊಂಡೆ. ನಿನ್ನೆ ಬಂದಿದ್ದ ಸಾಹೇಬರನ್ನೇ ಇನ್ನೊಂದು ಸಲ ಕರ್ಕೊಂಡು ಬರೋಣ ಅಂತ ಊರಿಂದ ಸಕಲೇಶಪುರಕ್ಕೆ ಹೊರಟಿದ್ದ ಬಾಡಿಗೆ ಜೀಪಿನಲ್ಲಿ ಕೂತೆ. ಸೀರೆಯೆಲ್ಲ ಕೆಸರು. ಬದಲಾಯಿಸೋಕೆ ಹೋಗಲಿಲ್ಲ.