ಸರ್ ದನಿಯ ಮೇಲೆ ನನ್ನ ದನಿ

ತಮ್ಮ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ ವಾರ, ಬಸವನ ಬಾಗೇವಾಡಿಯಿಂದ ಸರ್ ಫೋನು ಮಾಡಿದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು, ಹವ್ಯಾಸಕ್ಕೆಂದು ಸ್ವಂತ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು ಹಿಡಿಸಿದವರೂ ಅವರೇ. ಈಗ ನಾನೂ ಇಂಡಿ ಪಟ್ಟಣದಲ್ಲಿ ಟೀಚರ್. ಮಾಳಿಗೆ ಮೇಲೆ ದೊಡ್ಡ ಆಂಟೆನಾ ಇದೆ.

"ಆಪರೇಷನ್ ಆದಮ್ಯಾಲ ಮಾತಿಲ್ಲ ತಂಗಿ. ಅದಕ್ಕಿಂತ ಮೊದ್ಲ ಒಮ್ಮೆ ಮ್ಯಾಲಿಂದ ಮಾತಾಡೂಣು," ಎಂದರು.

ಮೇಲೆ ಅಂದರೆ ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣ. ಅದರಲ್ಲೊಂದು ರಿಪೀಟರ್ ಇದೆ. ಕೆಳಗಿನಿಂದ ಹೋದ ದನಿಯನ್ನು ಹಿಡಿದು ಮತ್ತೆ ಕೆಳಕ್ಕೆ ಬಿಡುತ್ತದೆ. ನಮ್ಮ ಮೇಲೆ ಹಾದುಹೋಗುವಾಗ ಅದು ಸಿಗುವುದು ಹತ್ತೇ ನಿಮಿಷ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು. ಇಬ್ಬರೂ ಒಟ್ಟಿಗೆ ಬಾಯಿ ಹಾಕಿದರೆ ಜೋರಿನ ಸೆಟ್ಟು ಗೆಲ್ಲುತ್ತದೆ, ಸಣ್ಣದು ಅಡಗಿಹೋಗುತ್ತದೆ. ಸರ್ ಬಳಿ ಇದ್ದದ್ದು ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು. ಅಷ್ಟು ವರ್ಷ ರೇಡಿಯೋ ಹಚ್ಚಿದವರ ದನಿ ಒಮ್ಮೆಯೂ ಅಲ್ಲಿಗೆ ಹೋಗಿ ಬಂದಿರಲಿಲ್ಲ.

"ನಾ ಕರಿಯೂತನಕ ನೀ ಬಾಯಿ ಮುಚ್ಕೊಂಡು ಕುಂಡ್ರಬೇಕು ನೋಡು. ಆಕ್ಕೈತಿಲ್ಲೋ ನಿನ್ನ ಕೈಲೆ?"

"ಆಕ್ಕೈತ್ರಿ ಸರ್."

ಅವರು ಆಸ್ಪತ್ರೆ ಸೇರುವ ಹಿಂದಿನ ದಿನ, ಸಂಜೆ ಐದರ ಸುಮಾರಿಗೆ ನಿಲ್ದಾಣ ಬಂತು. ಬಂದದ್ದೇ ತಡ, ಎಲ್ಲೆಲ್ಲಿಯವರೋ ಮುಗಿಬಿದ್ದರು. ಅದರಲ್ಲೊಬ್ಬ ಪುಣ್ಯಾತ್ಮ ತನ್ನೂರಿನ ಮಳೆ ಬಿಸಿಲಿನ ವರದಿ ಕೊಡುತ್ತ ಕೂತ. ನಾಲ್ಕು ನಿಮಿಷ ಹೋಯಿತು, ಐದು ಹೋಯಿತು. ನನಗೆ ಪಿತ್ತ ನೆತ್ತಿಗೇರಿತು. ಥೂ, ನನ್ನ ಹಾಳು ಸಿಟ್ಟೇ! ಮಾತಾಡುವಾಗ ನನ್ನ ದನಿಯೇ ತಿರುಗಿ ಬಂದು ಸೆಟ್ಟು ಕೂಗದಿರಲೆಂದು ಸ್ಪೀಕರ್ ತಗ್ಗಿಸುವುದು ನನ್ನ ರೂಢಿ. ತಗ್ಗಿಸಿ, ಬಟನ್ ಅದುಮಿ ಶುರು ಮಾಡಿದೆ: ದಯವಿಟ್ಟು ಎಲ್ಲರೂ ಸುಮ್ಮನಿರಿ, ಹಿರಿಯರೊಬ್ಬರು ಕರೆಯಲಿದ್ದಾರೆ. ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಗದ್ದಲದ ಕ್ಲಾಸಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳಿದೆ. ಬಟನ್ ಬಿಟ್ಟಾಗ ಎಲ್ಲರೂ ಸುಮ್ಮನಾಗಿದ್ದರು. ಸರ್ ಮಾತ್ರ ಕರೆಯಲಿಲ್ಲ. ನೋಡನೋಡುತ್ತ ನಿಲ್ದಾಣ ದಿಗಂತದಾಚೆ ಮುಳುಗಿತು.

ಆಮೇಲೆ ಫೋನು ಬಂತು. "ಬಟನ್ ಬಿಡದ ಮೂರು ಸಲ ಕರದ್ನವ್ವಾ. ಆಮ್ಯಾಲ ಕೆಮ್ಮು ಹತ್ತಿ ಸೆಟ್ಟು ಬಂದ್ ಮಾಡಿ ಕೆಳಗಿಟ್ಟೆ. ಕೇಳಿಸ್ತಿಲ್ಲೋ?"

ಅವರು ಕರೆದ ಮೂರೂ ಸಲ ನಾನು ಒದರುತ್ತಿದ್ದೆ.

"ಕೇಳಿಸ್ತ್ರಿ ಸರ್. ಸ್ವಚ್ಛ ಕೇಳಿಸ್ತು," ಎಂದುಬಿಟ್ಟೆ.

"ಇಷ್ಟ ಸಾಕು ನನಗ," ಎಂದು ನಕ್ಕರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಆಗಿ ಮೂರು ವಾರಕ್ಕೆ ನೋಡಲು ಹೋದೆ. ಕುತ್ತಿಗೆಗೆ ಬ್ಯಾಂಡೇಜು, ಕೈಯಲ್ಲಿ ಬರೆಯುವ ಪಾಟಿ. ನನ್ನನ್ನು ಕಂಡು ಮುಖ ಅರಳಿತು. ಪಾಟಿಯ ಮೇಲೆ ಬರೆದರು: 'ಅವತ್ತಿನ ರೆಕಾರ್ಡಿಂಗ್ ಹಚ್ಚು.' ಪ್ರತಿ ಸಲವೂ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಕಲಿಸಿದವರೇ ಅವರು. ಹೊಸ ಫೋನು, ಅದರಲ್ಲಿಲ್ಲ ಎಂದು ಇನ್ನೊಂದು ಸುಳ್ಳು ತೊದಲಿದೆ. ನಂಬಲಿಲ್ಲ, ಕೈ ಚಾಚಿಯೇ ಕೂತರು. ಅಷ್ಟರಲ್ಲಿ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

"ಹಚ್ಚ ತಂಗಿ. ಇವರ ದನಿ ಕೇಳಿ ಭಾಳ ದಿನಾ ಆತು."

ಆಗಲಾದರೂ ನಿಜ ಹೇಳಬೇಕಿತ್ತು. ಫೋನು ತೆಗೆದೆ. ಹಚ್ಚಿದೆ.

ಎಲ್ಲರೂ ಸುಮ್ಮನಿರಿ ಎಂದು ನನ್ನ ದನಿ ಕೋಣೆ ತುಂಬ ಒದರತೊಡಗಿತು. ಸರ್‌ಗೆ ತಕ್ಷಣ ತಿಳಿಯಿತು. ಪಾಟಿಯನ್ನು ಬೋರಲು ಹಾಕಿ ಕಿಟಕಿಯತ್ತ ತಿರುಗಿ ಕೂತರು. ಅವರ ಹೆಂಡತಿ ಮಾತ್ರ ಫೋನಿಗೆ ಇನ್ನಷ್ಟು ಕಿವಿ ಹಚ್ಚಿ ಕೇಳಿದರು:

"ಇದು ನಿನ್ನ ದನಿ ಐತಿ. ಇವರು ಯಾವಾಗ ಮಾತಾಡ್ತಾರವಾ?"