ಕೆಂಪು ಬಾಲದ ಜೋಡಿ

ಮೊನ್ನೆ ಸಹಕಾರನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಡ್ರಾಯಿಂಗ್ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯಿತು. ಯಲಹಂಕದ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದಾಗ ಸ್ಟಾಫ್ ರೂಮಿನಲ್ಲಿ ಅವರದು ನನ್ನ ಪಕ್ಕದ ಕುರ್ಚಿ. ಅವರ ಮೊಸರನ್ನಕ್ಕೂ ಅದೇ ವಾಸನೆ...

ಪರಿಸರ ದಿನಾಚರಣೆಗೆ ಕಾಂಪೌಂಡ್ ಗೋಡೆಯ ಮೇಲೊಂದು ಹಕ್ಕಿ ಬರೆಯಬೇಕೆಂದು ಮೇಷ್ಟ್ರಿಗೆ ಹುಕುಂ ಆಯಿತು. ಇಡೀ ಶಾಲೆ ನವಿಲಿಗಾಗಿ ಕಾದಿತ್ತು. ಅವರು ಹಳೆಯ ಪತ್ರಿಕೆಯೊಂದನ್ನು ನೋಡಿಕೊಂಡು, ಮಾರಿಷಸ್ ದ್ವೀಪದಲ್ಲಿ ಮಾತ್ರ ಇರುವ ಪುಟ್ಟ ಹಾಡುಹಕ್ಕಿಯನ್ನು ಬರೆದರು. ಮಾಸಲು ಹಸಿರು ಮೈ, ಕಣ್ಣಿನ ಸುತ್ತ ಬಿಳಿ ಬಳೆ. ಅಳತೆಯೂ ಅದರದ್ದೇ. ಗೋಡೆ ಐವತ್ತಡಿ, ಹಕ್ಕಿ ನಾಲ್ಕಂಗುಲ.

"ಏನ್ ಸಾರ್ ಇದು, ಗೋಡೆಗೆ ಪಾಚಿ ಹಿಡ್ದಂಗಿದೆ! ಸ್ವಲ್ಪ ಕೆಂಪು ಗಿಂಪು ಹಾಕ್ರಲ್ಲ" ಎಂದರು ಹೆಡ್‌ಮಿಸ್.

"ಅದಿರೋದೇ ಹಾಗೆ ಮೇಡಂ. ಉಳ್ದಿರೋದೇ ಕೆಲವಂತೆ. ನಾವೂ ತಪ್ಪಾಗಿ ಬರೆದ್ರೆ ಹೆಂಗೆ?"

ಮೇಡಂ ನನ್ನ ಕಡೆ ನೋಡಿದರು. ಪ್ರಮೋಷನ್ ಹತ್ತಿರದಲ್ಲಿದ್ದ ನಾನು, ಮೇಷ್ಟ್ರು ಮನೆಗೆ ಹೋದ ಮೇಲೆ, ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳಿಗೆಂದು ತಂದಿದ್ದ ಕೆಂಪು ಪೇಂಟನ್ನು ಹಕ್ಕಿಯ ಬಾಲಕ್ಕೆ ಬಳಿದೆ. ಗಣಿತದವನ ಕೈ, ಗೆರೆ ಮಾತ್ರ ನೇರವಾಗಿತ್ತು.

ಮರುದಿನ ಮೇಷ್ಟ್ರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಬೈದರೆ ಕೊಡಬೇಕಾದ ಉತ್ತರವನ್ನು ಸಿದ್ಧ ಮಾಡಿಕೊಂಡೇ ಹತ್ತಿರ ಹೋದೆ. ನನ್ನ ಉಗುರಿನಲ್ಲಿದ್ದ ಕೆಂಪನ್ನು ನೋಡಿ ಅವರು ಹೇಳಿದ್ದಿಷ್ಟೇ: "ಪಾಪ, ಇನ್ನಿದಕ್ಕೆ ಜೋಡಿ ಸಿಗಲ್ಲ ಕಣ್ರೀ."

ಅಳಿಸಿಬಿಡಿ ಎಂದೆ.

"ಅಳಿಸೋಕೆ ಹೋದ್ರೆ ಹಕ್ಕೀನೂ ಹೋಗುತ್ತೆ."

ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ, ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅದರ ಪಕ್ಕದಲ್ಲೇ ಇನ್ನೊಂದು ಹಕ್ಕಿ ಬರೆಯುತ್ತಿದ್ದರು. ಅದೇ ಮಾಸಲು ಹಸಿರು, ಅದೇ ಬಿಳಿ ಬಳೆ... ಬಾಲವೂ ಕೆಂಪು. ನಾನು ಬಳಿದಷ್ಟೇ ಒರಟಾಗಿ.

ಆ ಜಾತಿ ಮಾರಿಷಸ್‌ನಲ್ಲೂ ಇರಲಿಲ್ಲ. ಇಡೀ ಭೂಮಂಡಲದಲ್ಲಿ ಅವಕ್ಕೆ ಯಲಹಂಕದ ಆ ಗೋಡೆಯೊಂದೇ ನೆಲೆ.

ಪ್ರಮೋಷನ್ ಬಂತು, ಬೇರೆ ಶಾಲೆಗೆ ಹೋದೆ. ಒಂದು ದಿನ ಹೋಗಿ ತಪ್ಪಾಯಿತು ಎನ್ನಬೇಕು ಎಂದುಕೊಳ್ಳುತ್ತಲೇ ಇದ್ದೆ... ಮೇಷ್ಟ್ರು ತೀರಿಕೊಂಡ ಸುದ್ದಿಯೇ ಮೊದಲು ಬಂತು.

ನಿನ್ನೆ ಯಲಹಂಕದ ಬಸ್ ಹತ್ತಿದೆ. ರಸ್ತೆ ಅಗಲ ಮಾಡಲು ಆ ಗೋಡೆ ಕೆಡವಿ ವರ್ಷಗಳೇ ಆಗಿವೆಯಂತೆ. "ಏನ್ ಹುಡುಕ್ತಿದೀರಾ ಸಾರ್?" ಎಂದ ಶಾಲೆಯ ವಾಚ್‌ಮನ್. ಒಂದು ಜೊತೆ ಹಕ್ಕಿ ಎಂದೆ.

ಅವನು ಕತ್ತೆತ್ತಿ, ಬಹಳ ಗೌರವದಿಂದ, ರಸ್ತೆಯಾಚೆಯ ಹೊಂಗೆ ಮರವನ್ನು ನೋಡತೊಡಗಿದ. ನಾನೂ ಸ್ವಲ್ಪ ಹೊತ್ತು ನೋಡಿದೆ.